ಸ್ಟಿಕ್ಕರ್ ಅಂಟಿಸಿದ ಪಿಯಾನೊ

ನಮ್ಮ ಮತ್ತಿಕೆರೆ ಮನೆಯ ಮೇಲೆ ಮೂರು ರೂಮುಗಳಿವೆ. ಅವನ್ನು ಕಟ್ಟಿಸಿದಾಗ ನಮ್ಮ ಯಜಮಾನರು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡೋಣ ಅಂದರು. ನಾನು ಸುತರಾಂ ಒಪ್ಪಲಿಲ್ಲ. ಪಕ್ಕದ ಮನೆಯವರು ಹುಡುಗರಿಗೆ ಕೊಟ್ಟು, ಅವರ ಟೆರೇಸಿನ ಮೇಲೆ ಏನೇನು ಒಣಗುತ್ತಿತ್ತು, ಏನೇನು ಉರುಳುತ್ತಿತ್ತು ಎಂಬುದನ್ನು ದಿನಾ ಕಂಡವಳು ನಾನು. ಕೊಟ್ಟರೆ ಹುಡುಗಿಯರಿಗೇ ಎಂದು ಪಟ್ಟು ಹಿಡಿದೆ. ಹುಡುಗಿಯರೇನು ದೇವರ ಪಟದಿಂದ ಇಳಿದು ಬಂದವರಲ್ಲ. ನಲ್ಲಿ ಬಿಟ್ಟು ಮರೆಯುತ್ತಾರೆ, ಗೇಟಿಗೆ ಚಿಲಕ ಹಾಕುವುದಿಲ್ಲ, ಬಚ್ಚಲ ಮೋರಿಯ ತುಂಬ ಕೂದಲು. ಆದರೆ ಬೈದರೆ ಬೈಸಿಕೊಳ್ಳುತ್ತಾರೆ. ನನಗೆ ಅಷ್ಟು ಸಾಕಿತ್ತು. ಬೈಯುವುದಕ್ಕೆ ಯಾರಾದರೂ ಇಲ್ಲದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ ಎಂದು ನನ್ನ ಮಗಳೇ ಹೇಳುತ್ತಾಳೆ.

ಆ ಮಗಳು ಮದುವೆಯಾಗಿ ಸಹಕಾರನಗರದ ಗಂಡನ ಮನೆ ಸೇರಿದ ಮೇಲೆ, ೨೦೧೦ರ ಸುಮಾರಿಗೆ, ನಡುವಿನ ರೂಮಿಗೆ ದಾವಣಗೆರೆ ಕಡೆಯ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬಂದಳು. ಅವಳ ಸಾಮಾನು ಕಡಿಮೆ. ಅಣ್ಣನ ಹಳೆಯ ಕಂಪ್ಯೂಟರ್ ಒಂದು, ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಗಂಟು ಒಂದು. ಗಂಟಿನಲ್ಲಿ ಏನಿದೆಯೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೆರಡು ದಿನ ಕಳೆದ ಮೇಲೆ ಸಂಜೆ ಅದು ತಾನಾಗಿಯೇ ಹೇಳಿತು.

ನಾನು ಆಗ ಮುದ್ದೆಗೆ ಎಸರಿಟ್ಟಿದ್ದೆ. ಮೇಲಿನಿಂದ ಟೊಂಯ್, ಟೊಂಯ್, ಟಿಂಯ್, ಟೊಂಯ್ ಎಂದು ಶುರುವಾಯಿತು. ನಾಲ್ಕು ಸದ್ದು ಬಂದು ನಿಲ್ಲುವುದು, ಮತ್ತೆ ಅದೇ ನಾಲ್ಕು, ಮತ್ತೆ ನಿಲ್ಲುವುದು. ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ತಲೆಯೆತ್ತಿ, "ಅದೇನವ್ವ ಅದು, ಕೋಳಿ ಮೊಟ್ಟೆಗೆ ತಿಣುಕ್ದಂಗೆ?" ಅಂದರು.

ನಮ್ಮತ್ತೆಗೆ ಎಂಬತ್ತು ದಾಟಿತ್ತು. ಮತ್ತಿಕೆರೆ ಹಳ್ಳಿಯಾಗಿದ್ದ ಕಾಲದಲ್ಲಿ ಇದೇ ಜಾಗದಲ್ಲಿ ರಾಗಿ ಬೆಳೆದವರು. ಹೊಲವೆಲ್ಲ ಸೈಟುಗಳಾದ ಮೇಲೂ ಹೊಲದ ಮಾತೇ ಆಡುತ್ತಿದ್ದರು. ಬೆಕ್ಕು ಅಡ್ಡ ಬಂದರೆ, ಹಲ್ಲಿ ಲೊಚಗುಟ್ಟಿದರೆ, ಹೊರಡುವಾಗ ಯಾರಾದರೂ ಸೀನಿದರೆ, ಎಲ್ಲಕ್ಕೂ ಅವರದೇ ಕೊನೆಯ ತೀರ್ಪು. ನಾನು ಮನೆಯಲ್ಲಿ ಎಲ್ಲರನ್ನೂ ಬೈಯುತ್ತಿದ್ದೆ, ಅವರೊಬ್ಬರನ್ನು ಬಿಟ್ಟು.

ಮುದ್ದೆ ಕೋಲು ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಹುಡುಗಿ ನೆಲದ ಮೇಲೆ ಕೂತಿದ್ದಳು, ಮಂಚದ ಮೇಲೆ ಉದ್ದನೆಯ ಪಿಯಾನೊ. ಅವಳು ಅದನ್ನು ಕೀಬೋರ್ಡ್ ಅನ್ನುತ್ತಿದ್ದಳು, ನಾನು ಇವತ್ತಿನವರೆಗೂ ಪಿಯಾನೊ ಅಂತಲೇ ಅನ್ನುವುದು.

"ಏನಮ್ಮ ಇದು? ಬಾರಿಸೋದಾದ್ರೆ ಪೂರ್ತಿ ಬಾರಿಸು, ಇಲ್ಲಾಂದ್ರೆ ಬಿಡು. ಬಿಕ್ಕಳಿಕೆ ಬಂದೋರ ಥರ!"

"ಸಾರಿ ಆಂಟಿ. ಇನ್ನೂ ಕಲೀತಿದ್ದೀನಿ. ಗೇಮಿನ ಮ್ಯೂಸಿಕ್ಕು ಇದು."

ಯಾವ ಗೇಮು ಎಂದರೆ ಕಂಪ್ಯೂಟರ್ ಹಚ್ಚಿ ತೋರಿಸಿದಳು. ಕಿರೀಟ ಇಟ್ಟುಕೊಂಡ ಗಿಡ್ಡ ರಾಜನೊಬ್ಬ ಕಳೆದುಹೋದ ತನ್ನ ಕುದುರೆಯನ್ನು ಹುಡುಕಿಕೊಂಡು ಕಾಡು ಮೇಡು ಅಲೆಯುವ ಆಟ. ಅವನು ಹೆಜ್ಜೆ ಹಾಕಿದಷ್ಟು ಹೊತ್ತೂ ಹಿಂದೆ ಗೆಜ್ಜೆ ಕಟ್ಟಿಕೊಂಡು ಕುಣಿದ ಹಾಗೆ ಒಂದು ವಾದ್ಯ ನುಡಿಯುತ್ತಿತ್ತು. ಇಷ್ಟು ಎತ್ತರದ ಹುಡುಗಿ ಇಂಥ ಮಕ್ಕಳಾಟ ಆಡುತ್ತಾಳಲ್ಲ ಎಂದು ಬೈಯಲು ಬಾಯಿ ತೆರೆದವಳು, ಪಿಯಾನೊ ಮುಂದೆ ಇಟ್ಟಿದ್ದ ಹಾಳೆ ಕಂಡು ಬಗ್ಗಿ ನೋಡಿದೆ. ಅದರಲ್ಲಿ ಸಂಗೀತದ ಯಾವ ಗುರುತೂ ಇರಲಿಲ್ಲ. ಪೆನ್ನಿನಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳು, ಒಂದರ ಪಕ್ಕ ಒಂದು, ಅಷ್ಟೇ.

"ಸಂಗೀತ ಕಲ್ತಿದ್ದೀಯೇನೆ?"

"ಎಲ್ಲಿ ಆಂಟಿ, ಸರಿಗಮಾನೂ ಬರಲ್ಲ. ಸೈಬರ್ ಸೆಂಟರ್‌ಗೆ ಹೋಗಿ ವೆಬ್‌ಸೈಟಲ್ಲಿರೋ ಅಕ್ಷರ ಬರ್ಕೊಂಡ್ ಬರ್ತೀನಿ. ಸಿ ಅಂತಿದ್ರೆ ಸಿ ಒತ್ತೋದು, ಇ ಅಂತಿದ್ರೆ ಇ ಒತ್ತೋದು."

"ಅಷ್ಟೇನಾ?"

"ಅಷ್ಟೇ. ಎಬಿಸಿಡಿ ಬಂದ್ರೆ ಸಾಕು. ಅದೂ ಪೂರ್ತಿ ಬೇಡ, ಜಿವರೆಗೆ."

ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಜಿವರೆಗೆ ಏನು, ಝಡ್‌ವರೆಗೂ ಬರುತ್ತಿತ್ತು. ಇಷ್ಟು ಸುಲಭದ ವಿಷಯವನ್ನು ನನಗೆ ಯಾರೂ ಹೇಳಿಯೇ ಇರಲಿಲ್ಲವಲ್ಲ ಎಂದು ಒಂದು ಕ್ಷಣ ನಿಜಕ್ಕೂ ಸಿಟ್ಟು ಬಂತು.

ಸಿಟ್ಟಿಗೆ ಕಾರಣ ಹಳೆಯದು. ನನ್ನ ತವರು ಬಾಗಲಗುಂಟೆ. ಈಗ ಅಲ್ಲಿ ಆಟೋದವನು ಯಾವ ಕ್ರಾಸು ಎಂದು ಕೇಳುತ್ತಾನೆ, ಆಗ ಇದ್ದದ್ದೇ ಮೂರು ಬೀದಿ. ಊರ ಭಜನೆ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಶ್ರಾವಣದ ಶನಿವಾರಗಳಲ್ಲಿ ನಮ್ಮ ದೊಡ್ಡಪ್ಪ ಅದನ್ನು ಬಾರಿಸುತ್ತಿದ್ದರು, ಗಂಡುಮಕ್ಕಳು ತಾಳ ಹಾಕುತ್ತಿದ್ದರು, ನಾವು ಹೆಣ್ಣುಮಕ್ಕಳು ದೀಪಕ್ಕೆ ಎಣ್ಣೆ ಹಾಕಿ ಕೊನೆಯಲ್ಲಿ ಕಡಲೆಕಾಳು ಹಂಚುತ್ತಿದ್ದೆವು. ಒಂದು ಶನಿವಾರ ಯಾರೂ ಬರುವ ಮೊದಲು ಹೋಗಿ, ಆ ಬಿಳಿ ಪಟ್ಟಿಗಳಲ್ಲಿ ಒಂದನ್ನು ಒತ್ತಿದೆ. ಸದ್ದೇ ಬರಲಿಲ್ಲ. ಇನ್ನೊಂದು ಕೈಯಿಂದ ಹಿಂದಿನ ತಿದಿ ಒತ್ತಿ ಗಾಳಿ ಕೊಡಬೇಕೆಂದು ನನಗೇನು ಗೊತ್ತು? ಗೊತ್ತಾಗುವಷ್ಟರಲ್ಲಿ ದೊಡ್ಡಪ್ಪ ಬಂದು ನನ್ನ ಕೈ ಹಿಡಿದು ಎತ್ತಿಟ್ಟರು. "ಹೆಣ್ಣೈಕ್ಳು ಮುಟ್ಟೋ ಸಾಮಾನಲ್ಲ ಅದು" ಅಂದರು. ಹೊಡೆಯಲಿಲ್ಲ, ಗದರಲೂ ಇಲ್ಲ. ಬಟ್ಟಲು ತೆಗೆದು ಗೂಡಿಗಿಡುವ ಹಾಗೆ ನನ್ನ ಕೈಯನ್ನು ತೆಗೆದು ಪಕ್ಕಕ್ಕಿಟ್ಟರು, ಅಷ್ಟೇ. ಮದುವೆಯಾಯಿತು, ಮಗಳಾದಳು, ಆ ಪಟ್ಟಿಯ ಸದ್ದು ಹೇಗಿತ್ತೆಂಬುದು ನನಗೆ ತಿಳಿಯಲೇ ಇಲ್ಲ.

"ಒಂದ್ಸಲ ಒತ್ಲಾ?" ಎಂದು ಕೇಳಿಬಿಟ್ಟೆ. ಹುಡುಗಿ ಸರಿದು ಜಾಗ ಕೊಟ್ಟಳು. ಒತ್ತಿದೆ. ಗಾಳಿ ಬೇಡ, ತಿದಿ ಬೇಡ, ಬೆರಳು ತಾಗಿದ್ದೇ ತಡ, ಇಡೀ ರೂಮು ತುಂಬುವಷ್ಟು ಸದ್ದು! ಒತ್ತಿ ಹಿಡಿದಷ್ಟು ಹೊತ್ತೂ ಅದು ನಿಲ್ಲಲಿಲ್ಲ. ನಾನೂ ಬಿಡಲಿಲ್ಲ. ಕೆಳಗಿನಿಂದ ನಮ್ಮತ್ತೆ, "ಎಸರು ಉಕ್ತಾ ಅದೆ, ಎಲ್ಲವ್ವ ಓದೆ?" ಎಂದು ಕೂಗಿದ ಮೇಲೆ ಓಡಿದೆ.

ಮರುದಿನದಿಂದ ನನ್ನ ಪಾಠ ಶುರುವಾಯಿತು. ಹುಡುಗಿಗೆ ಕಾಲೇಜಿದ್ದಾಗ ರೂಮಿನ ಇನ್ನೊಂದು ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಯಜಮಾನರು ಊಟ ಮಾಡಿ ಯಶವಂತಪುರದ ಸಿಮೆಂಟಿನ ಅಂಗಡಿಗೆ ಹೋದ ಮೇಲೆ, ಅತ್ತೆ ಮಧ್ಯಾಹ್ನದ ನಿದ್ದೆಗೆ ಕಾಲು ಚಾಚಿದ ಮೇಲೆ, ನಾನು ಮೇಲೆ ಹೋಗುತ್ತಿದ್ದೆ.

ಮೊದಲ ತೊಂದರೆ ಬಂದದ್ದು ಕಣ್ಣಿಂದ. ಹುಡುಗಿ ಪ್ರತಿ ಬಿಳಿ ಕೀಯ ಮೇಲೂ ಪೆನ್ಸಿಲಿನಲ್ಲಿ ಅಕ್ಷರ ಬರೆದು ಕೊಟ್ಟಿದ್ದಳು. ಹಾಳೆ ನೋಡಲು ಕನ್ನಡಕ ಬೇಕು, ಕೀ ನೋಡಲು ಕನ್ನಡಕ ಇಳಿಸಬೇಕು. ಇಳಿಸಿ ಏರಿಸಿ ಮೂಗು ಕೆಂಪಾಯಿತು. ಆಗ ನನಗೊಂದು ಉಪಾಯ ಹೊಳೆಯಿತು. ಹಣೆಗಿಟ್ಟುಕೊಳ್ಳುವ ಸ್ಟಿಕ್ಕರ್ ತಂದು ಕೀಗಳಿಗೆ ಅಂಟಿಸಿದೆ. ಸಿಗೆ ದೊಡ್ಡ ಕೆಂಪು, ಡಿಗೆ ಹಳದಿ, ಇಗೆ ನೀಲಿ, ಎಗೆ ಹಸಿರು, ಹೀಗೆ ಒಂದೊಂದಕ್ಕೆ ಒಂದೊಂದು. ಹಾಳೆಯ ಅಕ್ಷರಗಳ ಕೆಳಗೂ ಅದೇ ಬಣ್ಣದ ಚುಕ್ಕೆ ಇಟ್ಟೆ. ಕಾಲೇಜಿನಿಂದ ಬಂದ ಹುಡುಗಿ ಪಿಯಾನೊ ನೋಡಿ ಹೊಟ್ಟೆ ಹಿಡಿದು ನಕ್ಕಳು. "ಆಂಟಿ, ಮದುವಣಗಿತ್ತಿ ಥರ ಇದೆ!" ನಕ್ಕರೆ ನಗಲಿ, ಸಿಕ್ಕಿತಲ್ಲ ಸಿ! ಒಂದೇ ಕಷ್ಟವೆಂದರೆ ಸೆಕೆಗೆ ಅವು ಬಿಟ್ಟುಕೊಂಡು ಬೆರಳಿಗೆ ಅಂಟುತ್ತಿದ್ದವು. ಒಮ್ಮೆ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಹೆಬ್ಬೆರಳ ಮೇಲೆ ಡಿ ಕೂತಿತ್ತು. ಅರ್ಚಕರು ತೀರ್ಥದ ಉದ್ಧರಣೆ ಹಿಡಿದುಕೊಂಡೇ ಅದನ್ನು ದಿಟ್ಟಿಸಿದರು.

ನನಗೆ ಕಲಿಸಲು ಹುಡುಗಿ ಬೇರೆ ಮಟ್ಟು ಹುಡುಕಿ ತಂದಳು. ರಾಜ ನಡೆಯುವಾಗಿನ ಗೆಜ್ಜೆ ಮಟ್ಟು ನನ್ನ ಬೆರಳಿಗೆ ಬಗ್ಗುತ್ತಿರಲಿಲ್ಲ. "ಇದೂ ಅದೇ ಗೇಮಿಂದು ಆಂಟಿ. ಈಸಿ ಅಂತ ಬರ್ದಿತ್ತು, ಅದಕ್ಕೇ ತಂದೆ" ಎಂದು ನಾಲ್ಕು ಸಾಲು ಬರೆದು ತಂದ ಹಾಳೆ ಕೊಟ್ಟಳು. ಅದು ಕೇಳಲು ಹೇಗಿದೆ ಎಂದು ವಿಚಾರಿಸಿದೆ. ಅವಳಿಗೂ ಗೊತ್ತಿರಲಿಲ್ಲ. ಸೈಬರ್ ಸೆಂಟರಿನ ಹೆಡ್‌ಫೋನು ಮುರಿದಿತ್ತು. ಗೇಮಿನಲ್ಲಿ ಅದು ಯಾವುದೋ ಸೇತುವೆಯ ಹತ್ತಿರ ಬರುತ್ತದಂತೆ, ಇವಳ ರಾಜ ಇನ್ನೂ ಸೇತುವೆ ಮುಟ್ಟಿರಲಿಲ್ಲ. "ಕಂಪ್ಯೂಟರ್ ಅಲ್ಲಿಗೇ ಹ್ಯಾಂಗ್ ಆಗುತ್ತೆ ಆಂಟಿ" ಅಂದಳು. ಅದು ಯಾಕೆ ಈಸಿ ಎಂದು ಅವಳೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಎ ಬಿ ಸಿ ಬಿ ಎ. ಹಸಿರಿನಿಂದ ಕೆಂಪಿಗೆ ಹೋಗಿ ಮತ್ತೆ ಹಸಿರಿಗೆ. ಕೈ ಕೂರಿತು. ಆದರೆ ಅಕ್ಷರದ ಹಾಳೆಯಲ್ಲಿ ಒಂದು ದೊಡ್ಡ ಕೊರತೆ ಇದೆ, ಕಲಿತವರಿಗೇ ಅದು ಗೊತ್ತು. ಯಾವುದನ್ನು ಒತ್ತಬೇಕೆಂದು ಅದು ಹೇಳುತ್ತದೆ, ಎಷ್ಟು ಹೊತ್ತು ಒತ್ತಬೇಕೆಂದು ಹೇಳುವುದಿಲ್ಲ. ಉಪ್ಪು, ಹುಳಿ, ಖಾರ ಎಂದು ಬರೆದು ಎಷ್ಟೆಷ್ಟು ಎಂದು ಬರೆಯದೆ ಬಿಟ್ಟ ಹಾಗೆ. ಹಾಡು ಮೊದಲೇ ಕೇಳಿದವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ನಾವಿಬ್ಬರೂ ಕೇಳಿರಲಿಲ್ಲ.

"ಈಗೇನು ಮಾಡೋದೇ?"

"ನಿಮಗೆ ಹೆಂಗ್ ಬೇಕೋ ಹಂಗೆ ಬಾರಿಸಿ ಆಂಟಿ. ಯಾರ್ ಕೇಳ್ತಾರೆ!"

ಹೇಗೆ ಬೇಕೋ ಹಾಗೆ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಲಯ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಗಂಟಾಗದ ಹಾಗೆ ಕೋಲಿನಲ್ಲಿ ಗರಗರ ಮುದ್ದೆ ತೊಳಸುವ ಲಯ. ನಾಲ್ಕು ಸುತ್ತು, ಒಂದು ಒತ್ತು. ನಾಲ್ಕು ಸುತ್ತು, ಒಂದು ಒತ್ತು. ಮಟ್ಟನ್ನು ಅದಕ್ಕೆ ಕೂರಿಸಿದೆ. ಎಂಥ ಚುರುಕು ಬಂತೆಂದರೆ, ಬಾರಿಸುತ್ತಾ ಬಾರಿಸುತ್ತಾ ಭುಜ ತಾನಾಗಿ ಅಲ್ಲಾಡುತ್ತಿತ್ತು. ನನಗಂತೂ ಖುಷಿಯೋ ಖುಷಿ. ರಾಜ ಸೇತುವೆಯ ಮೇಲೆ ಕುದುರೆ ಸಿಕ್ಕಿದ ಸಂತೋಷಕ್ಕೆ ಕುಣಿಯುತ್ತಿದ್ದಾನೆ ಎಂದೇ ನಾನು ನಿರ್ಧಾರ ಮಾಡಿಕೊಂಡಿದ್ದೆ.

ಮೂರು ಸಾಲು ಹೀಗೆ ಸಲೀಸಾಗಿ ಬಂದವು. ನಾಲ್ಕನೆಯದರಲ್ಲಿ ಗ್ರಹಚಾರ ವಕ್ರಿಸಿತು. ಅಲ್ಲಿ ಕೆಲವು ಅಕ್ಷರಗಳ ಪಕ್ಕ ಅಡ್ಡ ಗೆರೆ ಉದ್ದ ಗೆರೆ ಎಳೆದ ಗುರುತಿತ್ತು. ಅದು ಶಾರ್ಪು, ಅಂದರೆ ಪಕ್ಕದ ಕಪ್ಪು ಕೀ ಒತ್ತಬೇಕು. ಕಪ್ಪು ಕೀ ಸಪೂರ, ಎತ್ತರ, ನನ್ನ ಬೆರಳು ದಪ್ಪ. ಸಿ ಶಾರ್ಪಿಗೆ ಹೋದರೆ ಜೊತೆಗೆ ಡಿಯೂ ಅರಚುತ್ತಿತ್ತು. ಎಫ್ ಶಾರ್ಪಂತೂ ಕೈಗೇ ಸಿಗದು. ನೋಡಿ ನೋಡಿ ಹುಡುಗಿಗೇ ಕನಿಕರ ಬಂತು.

"ಕೊನೇ ಸಾಲು ಬಿಟ್ಬಿಡಿ ಆಂಟಿ. ಮೂರು ಸಾಲಿಗೇ ಮುಗಿಸಿದ್ರೆ ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ! ಅರ್ಧ ಹೆಣೆದ ಜಡೆ ಬಿಟ್ಕೊಂಡು ಬೀದಿಗೆ ಹೋಗು ಅಂತೀಯಾ?" ಎಂದು ರೇಗಿದೆ. ಕಪ್ಪು ಕೀಗಳಿಗೆ ಬಿಳಿ ಹರಳಿನ ಸ್ಟಿಕ್ಕರ್ ತಂದು ಅಂಟಿಸಿದೆ. ಆದರೂ ಕೈ ಬಗ್ಗಲಿಲ್ಲ.

ಹೀಗಿರುವಾಗ ಮಗಳು ಬಸುರಿಯಾದಳು. ಮನೆಯಲ್ಲಿ ಸಂಭ್ರಮ. ಸೀಮಂತ ನಮ್ಮ ಮನೆಯಲ್ಲೇ ಆಗಬೇಕೆಂದು ಮಾತಾಯಿತು. ಆ ಮಾತಿಗೆಂದೇ ನನ್ನ ನಾದಿನಿ, ಅಂದರೆ ಯಜಮಾನರ ಅಕ್ಕ, ಬಂದಿದ್ದರು. ಅವರು ಬಂದ ಮಧ್ಯಾಹ್ನ ನಾನು ಮೇಲಿದ್ದೆ. ಮೆಟ್ಟಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ತೆಗೆದರು.

"ಏನೋ ತಮ್ಮ, ನಿನ್ ಹೆಂಡ್ತಿ ಆರ್ಕೆಸ್ಟ್ರಾ ಸೇರ್ತಾಳಂತೆ? ಮೊಮ್ಮಗು ಬರೋ ಟೈಮಲ್ಲಿ ಪಿಪಿ ಬಾರ್ಸೋಕೆ ಶುರು ಮಾಡವ್ಳೆ!"

ಯಜಮಾನರು ಒಳ್ಳೆಯವರು, ಆದರೆ ಅಕ್ಕನ ಮುಂದೆ ಬಾಯಿಲ್ಲ. "ಏನೋ ಟೈಮ್‌ಪಾಸು ಬಿಡಕ್ಕ. ಸ್ವಲ್ಪ ದಿನ ಆದ್ಮೇಲೆ ತಾನೇ ಬಿಡ್ತಾಳೆ" ಅಂದರು. ಅಕ್ಕ ನಕ್ಕದ್ದು ನನಗೆ ನಾಟಲಿಲ್ಲ. "ತಾನೇ ಬಿಡ್ತಾಳೆ" ಎಂಬುದು ನಾಟಿತು. ದೊಡ್ಡಪ್ಪ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟದ್ದು ನೆನಪಾಯಿತು. ಸಾರಿನ ಸೌಟು ಕೆಳಗಿಟ್ಟು, "ಬಿಡಲ್ಲ ಕಣ್ರೀ. ಸೀಮಂತದ ದಿನ ಎಲ್ಲಾರ ಮುಂದೇನೂ ಬಾರಿಸ್ತೀನಿ. ಮೊದಲಿಂದ ಕೊನೇವರೆಗೂ, ಒಂದ್ಸಲನೂ ನಿಲ್ಲಿಸ್ದೆ" ಎಂದುಬಿಟ್ಟೆ. ನಮ್ಮತ್ತೆ ಮುದ್ದೆ ಮುರಿಯುತ್ತಾ ನನ್ನನ್ನೊಮ್ಮೆ ನೋಡಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದಾಗಿತ್ತು. ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ಕಡಿಮೆ, ನಾಲ್ಕನೆಯ ಸಾಲಿನಲ್ಲಿ ಜಾಸ್ತಿ ವಾಸ ಮಾಡಿದೆ. ಹಾಲು ತರಲು ಹೋದಾಗ ಸೆರಗಿನೊಳಗೆ ಬೆರಳು ಆಡಿಸುತ್ತಿದ್ದೆ. ಚಪಾತಿ ಮಣೆಯ ಮೇಲೆ ಆಡಿಸಿದೆ. ಟಿವಿ ನೋಡುತ್ತಿದ್ದ ಯಜಮಾನರ ಬೆನ್ನು ತಿಕ್ಕುವ ನೆಪದಲ್ಲಿ ಅವರ ಬೆನ್ನ ಮೇಲೂ ಆಡಿಸಿದೆ. "ಇನ್ನೂ ಸ್ವಲ್ಪ ಮೇಲೆ, ಹಾಂ, ಅಲ್ಲೇ" ಅಂದರು ಪಾಪ, ಎಫ್ ಶಾರ್ಪು ಬಿದ್ದ ಜಾಗದಲ್ಲಿ. ಹುಡುಗಿ ಪರೀಕ್ಷೆಯ ಓದಿನ ನಡುವೆಯೂ ಪಕ್ಕ ಕೂತು, "ಬೆರಳು ಮಲಗಿಸ್ಬೇಡಿ ಆಂಟಿ, ತುದಿಯಲ್ಲಿ ನಿಲ್ಸಿ" ಎಂದು ಹೇಳಿಕೊಡುತ್ತಿದ್ದಳು. ಸೀಮಂತಕ್ಕೆ ವಾರವಿರುವಾಗ ನಾಲ್ಕನೆಯ ಸಾಲು ತಪ್ಪಿಲ್ಲದೆ ಬಂತು. ಬಂದಾಗ ಗೊತ್ತಾಯಿತು, ಮೊದಲ ಮೂರು ಸಾಲು ತಿರುಗಿ ತಿರುಗಿ ಕೆಳಗೇ ಇಳಿಯುತ್ತವೆ, ಈ ಸಾಲು ಮಾತ್ರ ಮೇಲೇರುತ್ತದೆ. ಏರಿ ಏರಿ ಹಸಿರು ಸ್ಟಿಕ್ಕರಿನ ಎ ಮೇಲೆ ನಿಲ್ಲುತ್ತದೆ. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಹುಡುಗಿ ನೋಡಬಾರದೆಂದು ಬೀರುವಿನ ಮೇಲಿನ ಧೂಳಿಗೆ ಬೈದೆ.

ಸೀಮಂತದ ದಿನ ಟೆರೇಸಿಗೆ ಶಾಮಿಯಾನ ಹಾಕಿಸಿದ್ದೆವು. ಮಗಳು ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು, ಎರಡೂ ಕೈ ತುಂಬ ಗಾಜಿನ ಬಳೆ. ಮುತ್ತೈದೆಯರು ಆರತಿ ಎತ್ತಿದರು, ಮಡಿಲು ತುಂಬಿದರು. ಅವಳ ಅತ್ತೆ, ನಮ್ಮ ಬೀಗಿತ್ತಿ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಿದ್ದರು. ಅಡುಗೆಯವರು ಮೂಲೆಯಲ್ಲಿ ಪಾಯಸಕ್ಕೆ ದ್ರಾಕ್ಷಿ ಹುರಿಯುತ್ತಿದ್ದ ಘಮ. ಇವತ್ತಿಗೆ ನನ್ನ ಮಾತು ಎಲ್ಲರಿಗೂ ಮರೆತಿರಬಹುದು ಎಂದು ಒಂದು ಮನಸ್ಸು, ಮರೆಯದಿರಲಪ್ಪ ಎಂದು ಇನ್ನೊಂದು ಮನಸ್ಸು.

ನಾದಿನಿ ಮರೆತಿರಲಿಲ್ಲ. "ಎಲ್ಲವ್ವ, ನಿನ್ ಪಿಪಿ?" ಎಂದು ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಕೇಳಿದರು. ಹುಡುಗಿ ಅದಕ್ಕೇ ಕಾಯುತ್ತಿದ್ದವಳಂತೆ ರೂಮಿನಿಂದ ಪಿಯಾನೊ ತಂದು ಎರಡು ಸ್ಟೂಲಿನ ಮೇಲಿಟ್ಟು, ನನ್ನ ಕಿವಿಯಲ್ಲಿ "ತುದಿಬೆರಳು ಆಂಟಿ" ಎಂದು ಹೇಳಿ ಸರಿದಳು. ಕೀಗಳ ಮೇಲಿನ ಸ್ಟಿಕ್ಕರ್ ಕಂಡು ಹೆಂಗಸರು ಕಿಸಕ್ಕೆಂದರು. ಕೈ ಒರೆಸಿಕೊಂಡು ಕೂತೆ. ಮುದ್ದೆ ಕೋಲನ್ನು ಮನಸ್ಸಿನಲ್ಲೇ ಹಿಡಿದು ಶುರು ಮಾಡಿದೆ.

ಎ ಬಿ ಸಿ ಬಿ ಎ. ಮೊದಲ ಸಾಲು ಮುಗಿಯುವಷ್ಟರಲ್ಲಿ ಮಾತುಗಳು ನಿಂತವು. ಎರಡನೆಯ ಸಾಲಿಗೆ ಮಕ್ಕಳು ಹತ್ತಿರ ಬಂದರು, ಯಾರದೋ ಬಳೆ ತಾಳ ಹಾಕಲು ಶುರುಮಾಡಿದವು. ಯಜಮಾನರು ಬಾಳೆಲೆ ಕಟ್ಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಮೂರನೆಯ ಸಾಲೂ ಮುಗಿಯಿತು. ಇನ್ನೇನು ನಾಲ್ಕಕ್ಕೆ ಕೈ ಎತ್ತಬೇಕು, ನಾದಿನಿಯ ಮೊಮ್ಮಗಳು, ನಾಲ್ಕನೇ ಕ್ಲಾಸಿನ ಹುಡುಗಿ, ದೊಡ್ಡ ಗಂಟಲಲ್ಲಿ ಕೂಗಿದಳು.

"ಅಯ್ಯೋ! ಇದು ರಾಜ ಸಾಯೋ ಮ್ಯೂಸಿಕ್ಕು!"

ನನ್ನ ಕೈ ಅಲ್ಲೇ ನಿಂತಿತು.

"ನಮ್ಮನೆ ಕಂಪ್ಯೂಟರಲ್ಲೂ ಈ ಗೇಮ್ ಇದೆ. ಸೇತುವೆ ಮುರ್ದು ರಾಜ ಸತ್ತೋಗ್ತಾನಲ್ಲ, ಆಗ ಬರುತ್ತೆ. ಅಲ್ಲಿ ತುಂಬಾ ನಿಧಾನ, ಅಳು ಬರುತ್ತೆ. ಈ ಅಜ್ಜಿ ಫಾಸ್ಟಾಗಿ ಹೊಡೀತಾರೆ!"

ಅಜ್ಜಿ ಅಂದದ್ದಕ್ಕೆ ಬೇರೆ ದಿನವಾಗಿದ್ದರೆ ಅವಳ ಕಿವಿ ಹಿಂಡುತ್ತಿದ್ದೆ. ಈಸಿ ಯಾಕಿತ್ತೆಂದು ಈಗ ಅರ್ಥವಾಯಿತು. ಸಾವಿನ ಹಾಡು ನಿಧಾನ, ನಿಧಾನದ ಹಾಡು ಸುಲಭ. ಅದನ್ನು ಮುದ್ದೆ ತೊಳಸಿದ ಹಾಗೆ ತೊಳಸಿ ನಾನು ಸೀಮಂತಕ್ಕೆ ಬಡಿಸಿದ್ದೆ. ನಾದಿನಿ ಕೆನ್ನೆ ಬಡಿದುಕೊಂಡು, "ಶಿವ ಶಿವ, ಬಸುರಿ ಮುಂದೆ ಸಾವಿನ ಪದವೇ!" ಅಂದರು. ಬೀಗಿತ್ತಿಯ ಮುಖ ಬಿಗಿಯಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ದಾವಣಗೆರೆಯ ಹುಡುಗಿ ರೂಮಿನ ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಉಳಿದವರೆಲ್ಲ ತಿರುಗಿ ನೋಡಿದ್ದು ನಮ್ಮತ್ತೆಯ ಕಡೆಗೆ. ಶಕುನದ ವಿಷಯ, ತೀರ್ಪು ಅವರದೇ.

ಮುಗಿಯಿತು ಅಂದುಕೊಂಡೆ. ಈಗ ಇವರು ಎದ್ದು ಬಂದು ನನ್ನ ಕೈ ಎತ್ತಿ ಪಕ್ಕಕ್ಕಿಡುತ್ತಾರೆ ಅಂದುಕೊಂಡೆ.

ಅತ್ತೆ ಏಳಲಿಲ್ಲ. ಮರಿಮೊಮ್ಮಗಳನ್ನು ಕೈಸನ್ನೆ ಮಾಡಿ ಹತ್ತಿರ ಕರೆದರು.

"ಸತ್ಮೇಕೆ ಏನಾಯ್ತದೆ ಅವನ್ಗೆ?"

"ಏನೂ ಇಲ್ಲ ಮುತ್ತಜ್ಜಿ. ಮ್ಯೂಸಿಕ್ಕು ಮುಗಿಯೋ ಟೈಮಿಗೆ ಎದ್ದು ಬರ್ತಾನೆ. ಇನ್ನೊಂದು ಲೈಫ್ ಇರುತ್ತಲ್ಲ!"

"ಇನ್ನೊಂದ್ ಜಲ್ಮವಾ?"

"ಹೂಂ. ಕೊನೇಲಿ ಎದ್ದುಬಿಡ್ತಾನೆ."

ಅತ್ತೆ ನನ್ನ ಕಡೆ ತಿರುಗಿದರು. "ಮುಗೀತೇನವ್ವ ನಿಂದು?"

"ಇಲ್ಲ ಅತ್ತೆ," ಅಂದೆ. "ಇನ್ನೊಂದು ಸಾಲು ಐತೆ."

"ಮತ್ತೆ ಕೈ ಯಾಕೆ ತೆಗ್ದೆ? ಅವನ್ನ ಅರ್ಧಕ್ಕೇ ಸಾಯ್ಸಿ ಬುಟ್ಬುಟ್ಟು ನಾವು ಪಾಯ್ಸ ಉಣ್ಣದಾ? ಒತ್ತು. ಎಬ್ಬುಸು ಅವನ್ನ."

ನನ್ನ ಜೀವಮಾನದಲ್ಲಿ ಹಿರಿಯರೊಬ್ಬರು ನನಗೆ "ಒತ್ತು" ಅಂದದ್ದು ಅದೇ ಮೊದಲು. ಬೀಗಿತ್ತಿ ಏನೋ ಅನ್ನಲು ಹೊರಟವರು ಅತ್ತೆಯ ಮುಖ ನೋಡಿ ಮತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡರು. ನಾನು ಬೆರಳನ್ನು ತುದಿಯ ಮೇಲೆ ನಿಲ್ಲಿಸಿದೆ. ಎ, ಸಿ ಶಾರ್ಪ್, ಇ. ಹರಳ ಸ್ಟಿಕ್ಕರ್ ಒಂದು ಕಿತ್ತು ಹಾರಿತು, ಹಾರಲಿ ಬಿಡು. ಎಫ್ ಶಾರ್ಪ್, ಒಂದೇ ಏಟಿಗೆ, ಪಕ್ಕದವರನ್ನು ಯಾರನ್ನೂ ಎಬ್ಬಿಸದೆ. ಆ ಪುಟ್ಟ ಹುಡುಗಿ ಪಿಯಾನೊಗೆ ಮುಖ ತಗುಲಿಸುವಷ್ಟು ಬಗ್ಗಿ ಕಾಯುತ್ತಿದ್ದಳು. ಹಸಿರು ಎ ಒತ್ತಿದೆ.

"ಎದ್ದ!" ಎಂದು ಅವಳು ಎಗರಿದಳು. "ಎದ್ದ, ಎದ್ದ!"

ಮೊದಲು ನಕ್ಕದ್ದು ಮಗಳು, ಹೊಟ್ಟೆ ಹಿಡಿದುಕೊಂಡು, ಬಳೆಯೆಲ್ಲ ಝಲ್ಲೆನ್ನುವ ಹಾಗೆ. ಆಮೇಲೆ ಎಲ್ಲರೂ ನಕ್ಕರು, ಬೀಗಿತ್ತಿ ಕೂಡ. ಯಜಮಾನರು ಬಾಳೆಲೆ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಕ್ಕನ ಎದುರಿಗೇ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಬೆರಳು ಎತ್ತಿರಲಿಲ್ಲ. ಆ ಕೊನೆಯ ಎ ಎಷ್ಟು ಹೊತ್ತು ಹಿಡಿಯಬೇಕೆಂದು ಹಾಳೆಯಲ್ಲಿ ಬರೆದಿರಲಿಲ್ಲವಲ್ಲ. ಒತ್ತಿ ಹಿಡಿದುಕೊಂಡೇ ಕೂತಿದ್ದೆ, ಸದ್ದು ಟೆರೇಸು ದಾಟಿ ಪಕ್ಕದ ಹುಡುಗರ ಟೆರೇಸಿಗೂ ಹೋಗುತ್ತಿತ್ತು.

"ಸಾಕು ಬುಡವ್ವ," ಅಂದರು ನಮ್ಮತ್ತೆ. "ಎದ್ದವ್ನೆ. ಅವನ್ಗೂ ಒಂದ್ ಎಲೆ ಆಕ್ಸು."

ಆಮೇಲೆ ನಾನು ಬೆರಳು ಎತ್ತಿದೆ.